ಚಟ್ನಿಪುಡಿ ಡಬ್ಬಿಯಲ್ಲಿ ಪಾಸ್‌ಪೋರ್ಟು

ಪ್ರಾಗ್‌ನಲ್ಲಿ ಹೆಜ್ಜೆಗೊಬ್ಬ ಜೇಬುಗಳ್ಳ ಇರುತ್ತಾನೆ ಎಂದು ಕೆನಡಾದಲ್ಲಿ ನಮ್ಮ ಕಡೆಯದೇ ಊರಾದ ಪೋರ್ಟ್ ಕ್ರೆಡಿಟ್‌ನ ಗೆಳೆಯರೊಬ್ಬರು ಹೆದರಿಸಿ ಕಳಿಸಿದ್ದರು. ಧಾರವಾಡದವಳಾದ ನನ್ನ ಹೆಂಡತಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಅಲ್ಲಿ ಹೋಟೆಲು ಸೇರಿದ ಕೂಡಲೇ ಇಬ್ಬರ ಪಾಸ್‌ಪೋರ್ಟನ್ನೂ ಕಾಗದದಲ್ಲಿ ಸುತ್ತಿ, ಶೇಂಗಾ ಚಟ್ನಿಪುಡಿಯ ಡಬ್ಬಿಯೊಳಗೆ ಹುಗಿದಳು. ಯಾವ ಕಳ್ಳನೂ ಅಲ್ಲಿ ಕೈ ಹಾಕುವುದಿಲ್ಲ ಎಂಬುದು ಅವಳ ನಂಬಿಕೆ.

ಐದು ದಿನ ಆರಾಮಾಗಿ ಕೋಟೆ, ಗಡಿಯಾರದ ಗೋಪುರ ಎಂದು ಸುತ್ತಿದೆವು. ಆರಾಮು ಕಾಲಿಗಷ್ಟೇ, ಇವಳ ಮನಸ್ಸಿಗಲ್ಲ. ಹಳೆಯ ಸೇತುವೆಯ ಮೇಲೆ ಅಜ್ಜಿಯೊಬ್ಬರು ನಮ್ಮಿಬ್ಬರ ಫೋಟೋ ತೆಗೆದುಕೊಡುತ್ತೇನೆಂದು ಕೈ ಚಾಚಿದರು.

“ಫೋನ್ ಕೊಡಬ್ಯಾಡ್ರಿ, ಓಡಿ ಹೋಗ್ತಾಳ,” ಎಂದಳು ಇವಳು.

“ಕೋಲು ಹಿಡದಾಳಲ್ಲ, ಎಲ್ಲಿ ಓಡ್ತಾಳ?” ಎಂದೆ.

“ಮುಂದ ಮಗಾ ಸ್ಕೂಟರ್ ಚಾಲೂ ಇಟ್ಟು ನಿಂತಿರ್ತಾನ.”

ಹಾಗಾಗಿ ನಾವಿಬ್ಬರೂ ಒಟ್ಟಿಗಿರುವ ಒಂದೇ ಒಂದು ಫೋಟೋ ಇಲ್ಲ.

ಮರಳಿ ಬಂದು ಟೊರೊಂಟೋದಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿ ನನ್ನ ಪಾಸ್‌ಪೋರ್ಟ್ ಬಿಡಿಸಿದ. ಕೆಂಪು ಪುಡಿ ಉದುರಿತು. ಮೂಸಿ ನೋಡಿ, ತಿನ್ನುವ ಪದಾರ್ಥ ಏನೂ ಇಲ್ಲ ಎಂದು ಫಾರ್ಮಿನಲ್ಲಿ ಬರೆದಿದ್ದೀರಲ್ಲ ಎಂದ. “ಇದು ಫುಡ್ ಅಲ್ಲ, ಸೇಫ್ಟಿ” ಎಂದು ಇವಳು ಡಬ್ಬಿ ತೆಗೆದು ತೋರಿಸಿ ಇಂಗ್ಲಿಷಿನಲ್ಲಿ ವಿವರಿಸಿದ ಮೇಲೆ ಅವನ ಸಂಶಯ ಇನ್ನೂ ಬಲವಾಯಿತು. ಡಬ್ಬಿ ಎತ್ತಿಕೊಂಡು ಒಳಗೆ ಹೋದವನು ಅರ್ಧ ಗಂಟೆಯ ಮೇಲೆ ತಂದುಕೊಟ್ಟು, ಹೊರಡಿ ಎಂದ.

ಜಾರ್ಜ್‌ಟೌನ್‌ನ ನಮ್ಮ ಮನೆ ತಲುಪುವ ತನಕವೂ ಇವಳಿಗೆ ತಡೆಯಲಾಗಲಿಲ್ಲ. ಕಾರಿನಲ್ಲೇ ಡಬ್ಬಿ ತೆರೆದಳು.

“ಎರಡು ಚಮಚಾ ಕಡಿಮಿ ಆಗೇದ ನೋಡ್ರಿ.”

“ಪರೀಕ್ಷಾ ಮಾಡಾಕ ತಗೊಂಡಿರಬೇಕು.”

“ಅದಕ್ಕ ಒಂದು ಚಿಟಿಕಿ ಸಾಕಲ್ರಿ. ಅವನ ಮೀಸಿ ಕೆಂಪಗಿತ್ತು, ನೀವು ನೋಡಲಿಲ್ಲ.”

ಅವನ ಮೀಸೆಯ ಬಣ್ಣವೇ ಕೆಂಪು ಎಂದು ಹೇಳಹೊರಟೆ. ಆದರೆ ಈಗ ನನಗೂ ಖಾತ್ರಿಯಿಲ್ಲ.