ಹಬೆಯಲ್ಲಿ ಸಡಿಲಿದ ಕೊಂಡಿ

ನವಜಾತ ಶಿಶುಗಳ ಚಿಕಿತ್ಸೆಯಲ್ಲಿ ಕುವೊಪಿಯೊ ನಗರಕ್ಕೆ ಗೌರವದ ಸ್ಥಾನವನ್ನು ದೊರಕಿಸಿದವರಲ್ಲಿ, ಈಗ ನಿವೃತ್ತರಾಗುತ್ತಿರುವ ಡಾ. ಹೆಲ್ಕಾ ಸಿಲ್ತಕೋಸ್ಕಿಯವರು ಅಗ್ರಗಣ್ಯರು. ಸಂಶಯವನ್ನು ವಿಚಾರದ ಮಹಾದ್ವಾರವೆಂದು ಬಗೆದ ಪ್ರಾಚೀನ ತಾರ್ಕಿಕರು ಇವರನ್ನು ಕಂಡಿದ್ದರೆ ತಮ್ಮ ಪಂಕ್ತಿಯಲ್ಲೇ ಕೂರಿಸಿಕೊಳ್ಳುತ್ತಿದ್ದರು. ಆದರೆ ಆ ಸಂಶಯವನ್ನು ಪರರಿಂದ ತಮ್ಮತ್ತ ತಿರುಗಿಸಿಕೊಳ್ಳಲು ಇವರಿಗೂ ಒಂದು ಚಳಿಗಾಲ ಬೇಕಾಯಿತು.

ಅವಧಿಗೆ ಮುನ್ನ ಹುಟ್ಟಿದ ಕೂಸಿನ ಉಸಿರುಕೊಳವೆಯನ್ನು ಅಂಟುಪಟ್ಟಿಯಿಂದ ಕೆನ್ನೆಗೆ ಬಿಗಿಯುವುದು ಆಗಿನ ವಾಡಿಕೆ. ಪಟ್ಟಿ ಕಿತ್ತಾಗ ಎಳೆಯ ಚರ್ಮವೂ ಕಿತ್ತುಬರುತ್ತಿತ್ತು. ಅದನ್ನು ಸಹಿಸಲಾರದೆ ಹೆಲ್ಕಾ, ಸೇವೆಯ ಆರಂಭದ ವರ್ಷಗಳಲ್ಲೇ, ಕೂಸಿನ ಟೋಪಿಗೆ ಸಿಕ್ಕಿಸುವ ಮೆದುವಾದ ಕೊಂಡಿಯೊಂದನ್ನು ರೂಪಿಸಿದರು. ಪರೀಕ್ಷೆಗೆಂದು ಇಟ್ಟ ಕೂಸಿನ ಗೊಂಬೆಯ ಮೇಲೆ ಅದು ಕದಲಲಿಲ್ಲ. ತಯಾರಕರು ಒಪ್ಪಂದಕ್ಕೆ ಅವಸರಿಸಿದರು. ವಿಭಾಗದ ಕಾಫಿ ಮೇಜಿನಲ್ಲಿ ಅದನ್ನು ತೋರಿಸಿದಾಗ ಯಾರೂ ತುಟಿ ಬಿಚ್ಚಲಿಲ್ಲ. ಆಕ್ಷೇಪವಿಲ್ಲವೆಂದರೆ ಒಪ್ಪಿಗೆಯೆಂದೇ ನಮ್ಮಲ್ಲಿನ ರೂಢಿ.

ಆ ಮೌನಗಳಲ್ಲಿ ಒಂದನ್ನು ಮಾತ್ರ ಹೆಲ್ಕಾ ನಂಬಲಿಲ್ಲ: ಅದೇ ವಿಭಾಗದ ತಜ್ಞೆ, ಅವರ ಪ್ರತಿಸ್ಪರ್ಧಿ ರೈಲಿ ಓಯನ್‌ಪೆರೆ ಅವರದು. ಆಕೆ ಕೊಂಡಿಯೊಂದನ್ನು ಮೆಲ್ಲನೆ ಕೋಟಿನ ಜೇಬಿಗಿಳಿಸಿದ್ದನ್ನು ಹೆಲ್ಕಾ ಕಂಡಿದ್ದರು. ತಮ್ಮ ಕಲ್ಪನೆ ಕಳವಾಯಿತೆಂಬ ಅನುಮಾನ ಎದೆಯಲ್ಲಿ ಕಲ್ಲಾಗಿ ಕೂತಿತು. ಶನಿವಾರ, ಹೆಪ್ಪುಗಟ್ಟಿದ ಸರೋವರದ ದಂಡೆಯ ರೈಲಿಯವರ ಮನೆಗೆ ನೇರವಾಗಿ ನಡೆದರು. ಹಿತ್ತಲಲ್ಲಿದ್ದ ಸೌನಾ ಎಂಬ ಹಬೆಸ್ನಾನದ ಕೋಣೆಯಿಂದ ಹೊಗೆಯೇಳುತ್ತಿತ್ತು.

"ನನ್ನ ಕೊಂಡಿ ಎಲ್ಲೇ, ಕಳ್ಳಿ?" ಎಂದರು ಹೆಲ್ಕಾ, ಸೌನಾದ ಬಾಗಿಲು ತೆರೆದು.

"ಇಲ್ಲೇ ಇದೆ, ಬೆವರ್ತಾ ಕೂತಿದೆ. ಬಟ್ಟೆ ಬಿಚ್ಚಿ ಒಳಗೆ ಬಾರೇ, ಹಬೆಯೆಲ್ಲ ಹೋಗುತ್ತೆ!" ಎಂದರು ರೈಲಿ.

ಬಿಸಿ ಹಿತವಾಗಿದ್ದ ಕೆಳಮೆಟ್ಟಿಲ ಮೂಲೆಯಲ್ಲಿ, ಅದೇ ಕೊಂಡಿ ಸಿಕ್ಕಿಸಿದ ಟೋಪಿ ತೊಟ್ಟ ಗೊಂಬೆಯೊಂದು ಮಲಗಿತ್ತು. ಹೆಲ್ಕಾ ಅದರ ಕೊಳವೆಯನ್ನು ಬೆರಳಿನಿಂದ ಸೋಕಿದರು. ಕೊಂಡಿಯ ಹಿಡಿತ ತಪ್ಪಿ ಅದು ಸದ್ದಿಲ್ಲದೆ ಜಾರಿ ಹೊರಬಂತು.

"ನಿನ್ನ ಗೊಂಬೆ ಒಣ ಮೇಜಿನ ಮೇಲಿತ್ತು. ನಮ್ಮ ಕೂಸುಗಳು ಮಲಗೋದು ಬೆಚ್ಚಗಿನ, ತೇವದ ಇನ್‌ಕ್ಯುಬೇಟರ್ ಪೆಟ್ಟಿಗೇಲಿ ತಾನೆ?" ಎಂದರು ರೈಲಿ.

"ಮತ್ತೆ ಕಾಫಿ ಹೊತ್ತಲ್ಲಿ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಅಲ್ಲೇ ಹೇಳಿದ್ರೆ ನೀನು ನನ್ನನ್ನ ಹೊಟ್ಟೆಕಿಚ್ಚಿನವಳು ಅಂತಿದ್ದೆ. ಅಂತಿರಲಿಲ್ವಾ?"

"ಅಂತಿದ್ದೆ. ಈಗ್ಲೂ ಸ್ವಲ್ಪ ಅನುಮಾನ ಇದೆ."

"ಇರಲಿ ಬಿಡೇ. ಆ ಅನುಮಾನ ಉಳಿದ್ರೆ ಕೂಸು ಉಳಿಯುತ್ತೆ. ಕಾದ ಕಲ್ಲಿನ ಮೇಲೆ ನೀರು ಹಾಕು, ಹಬೆ ಏಳಲಿ."

ಒಪ್ಪಂದ ಸಹಿಯಿಲ್ಲದೆ ಹಿಂತಿರುಗಿತು. ತಯಾರಕರು ಮುನಿದು ದೂರವಾದರು. ಹಬೆಗೆ ಜಗ್ಗದ, ಇಬ್ಬರ ಹೆಸರನ್ನೂ ಹೊತ್ತ ಕೊಂಡಿ ವಾರ್ಡಿಗೆ ಬರಲು ವರ್ಷಗಳೇ ಹಿಡಿದವು. ಇಂದು ಅದನ್ನು ಧರಿಸಿದ ಕೂಸುಗಳ ಕೆನ್ನೆಯಲ್ಲಿ ಗಾಯವಿಲ್ಲ. ಹೊಸ ಕಲ್ಪನೆಯೊಂದಿಗೆ ಬಂದ ಕಿರಿಯ ವೈದ್ಯರಿಗೆ ಹೆಲ್ಕಾ ಏಲಕ್ಕಿಯ ಬನ್ನು ಕೊಟ್ಟು, ಪೂರ್ತಿ ಕೇಳಿಸಿಕೊಂಡು, ಕೊನೆಗೆ ಅನ್ನುತ್ತಿದ್ದುದು ಒಂದೇ: "ಇದನ್ನ ಕಂಡು ಯಾರು ಸುಮ್ಮನಾದ್ರು? ಮೊದಲು ಅವರ ಮನೆಗೆ ಹೋಗು."

ಕರುಣಾಳುವಾದ ದೇವರು ಇವರಿಗೆ ದೀರ್ಘಾಯುಷ್ಯವನ್ನೂ, ದಣಿಯದ ಕೈಗಳನ್ನೂ, ಎಂದಿಗೂ ತೀರದ ಸಂದೇಹವನ್ನೂ ಅನುಗ್ರಹಿಸಲಿ. ಈ ಅಭಿನಂದನ ಸಂಪುಟದ ಹೊಗಳಿಕೆಗಳನ್ನು ಇವರು ಅನುಮಾನದಿಂದಲೇ ಓದುವರು. ರೈಲಿಯವರ ಲೇಖನ ಇಲ್ಲಿಲ್ಲವೆಂಬುದನ್ನು ಎಲ್ಲಕ್ಕಿಂತ ಮೊದಲು ಗಮನಿಸುವರು. ಸಂಪಾದಕರು ಬೇಡಿಕೊಂಡಾಗ ಆಕೆ ಕೊಟ್ಟ ಉತ್ತರವಿಷ್ಟೇ: "ಶನಿವಾರ ಸೌನಾಕ್ಕೆ ಬರ್ತಾಳಲ್ಲ, ಅಲ್ಲೇ ಹೇಳ್ತೀನಿ."