ಅಪ್ಪನ ದನಿಯ ಚಾರ್ಜ್

ಕೊಪ್ಪಳದ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಚಾರ್ಜ್ ಅಂದರೆ ಮೊಬೈಲಿಗೆ ಹಾಕುವುದು ಎಂದಷ್ಟೇ ತಿಳಿದ ಹುಡುಗರಿಗೆ, ಚಿಪ್ಪಿನೊಳಗಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ ಎಂದು ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ಒಮ್ಮೆ ಅವರಿಗೆ ತೋರಿಸಲೆಂದು, ದನಿ ಹಿಡಿದಿಡುವ ಚಿಪ್ಪೊಂದನ್ನು ಸಣ್ಣ ಬೋರ್ಡಿಗೆ ಬೆಸುಗೆ ಹಾಕಿ, ಸ್ಪೀಕರ್ ಜೋಡಿಸಿ, ಭಾಗ್ಯನಗರದ ಮನೆಗೆ ತಂದೆ. ಮಗ್ಗದ ಮುಂದೆ ಕೂತಿದ್ದ ಅಪ್ಪನ ಬಾಯಿಗೆ ಹಿಡಿದು, "ಏನರ ಮಾತಾಡಪಾ" ಎಂದೆ.

"ಏನ್ ಮಾತಾಡ್ಲಿ? ನಿಮ್ಮವ್ವ ಇನ್ನೂ ಚಾ ಕೊಟ್ಟಿಲ್ಲ ನೋಡು," ಎಂದ.

ಆ ಬೇಸಿಗೆಯಲ್ಲಿ ಅಪ್ಪ ಹೋದ. ಫೋನ್ ಕಂಡರಾಗದ ಮನುಷ್ಯ. ಅವನ ದನಿ ಅಂತ ನಮಗೆ ಉಳಿದದ್ದು ಅದೊಂದೇ. ಅವ್ವ ದಿನಾ ಸಂಜೆ ಚಹಾ ಮಾಡಿ, ಬಟನ್ ಒತ್ತಿ ಕೇಳುವಳು. "ಕೊಟ್ಟೀನ್ರಿ, ಕುಡೀರಿ" ಎಂದು ರೇಗುವಳು.

"ಮಗಳ, ಇದು ಎಷ್ಟ ದಿನ ಇರ್ತೈತಿ?" ಎಂದು ಒಮ್ಮೆ ಕೇಳಿದಳು. ನಾನು ಪೆನ್ನು ಹಿಡಿದೆ. ಅಪ್ಪನ ದನಿಯ ಏರಿಳಿತವೆಲ್ಲ ಚಿಪ್ಪಿನ ಪುಟ್ಟ ಕೋಣೆಗಳಲ್ಲಿ ಹೆಚ್ಚು ಕಡಿಮೆ ಚಾರ್ಜಾಗಿ ಕೂತಿತ್ತು. ಬ್ಯಾಟರಿ ತೆಗೆದರೂ ಅದು ಕದಲುವುದಿಲ್ಲ. ಕೋಣೆ ಎಷ್ಟು ಚಾರ್ಜು ಹಿಡಿಯುತ್ತದೆಂಬ ಕೆಪಾಸಿಟೆನ್ಸನ್ನು ವೋಲ್ಟೇಜಿನಿಂದ ಗುಣಿಸಿ, ವರ್ಷಕ್ಕಿಷ್ಟೆಂದು ಸೋರಿಕೆಯನ್ನು ಕಳೆದು ನೋಡಿದೆ.

"ನಾವಿಬ್ರೂ ಹೋದ ಮ್ಯಾಲೂ ಇರ್ತೈತಿ ಬಿಡಬೇ," ಎಂದೆ. ಎಂಥ ಸೊಕ್ಕು ನನ್ನ ಲೆಕ್ಕಕ್ಕೆ!

ನಮ್ಮ ನೇಕಾರರ ಓಣಿಯಲ್ಲಿ ಬೆಲೆಬಾಳುವುದನ್ನೆಲ್ಲ ರೇಷ್ಮೆ ತುಂಡಿನಲ್ಲೇ ಸುತ್ತಿಡುತ್ತಾರೆ, ಚಿನ್ನದ ಬೋರಮಾಳ ಸರದಿಂದ ಹಿಡಿದು ಮನೆದೇವರ ಬೆಳ್ಳಿ ಮುಖದವರೆಗೆ. ಬೋರ್ಡು ನಾನು ಕೊಟ್ಟ ಡಬ್ಬಿಯಲ್ಲಿದೆ ಎಂದುಕೊಂಡಿದ್ದೆ. ಅವ್ವ ಅದನ್ನು ಅಪ್ಪ ನೇದ ಕೊನೆಯ ಸೀರೆಯ ತುಂಡಿನಿಂದ ದಿನಾ ಒರೆಸಿ, ಅದರಲ್ಲೇ ಸುತ್ತಿ ದೇವರ ಮುಂದೆ ಇಡುತ್ತಿದ್ದಳು.

ಚಳಿಗಾಲದ ಒಣ ಹವೆಯ ಒಂದು ಸಂಜೆ ನಾನು ಬಸ್ಸಿಳಿದು ಬಂದಾಗ ಒಲೆ ಪಕ್ಕದ ಚಹಾ ಆರಿ ಹೋಗಿತ್ತು.

"ಒರಸಾಕತ್ತಿದ್ದೆ. ಚಟ್ ಅಂತ ಬೆರಳಿಗೆ ಹೊಡೀತು. ಆಮ್ಯಾಲ ಇವ್ರು ಮಾತಾಡವಲ್ರು," ಎಂದಳು ಅವ್ವ. "ಬ್ಯಾಟ್ರಿ ಹೋಗಿರಬೇಕು, ಹಾಕು."

ಹೊಸ ಬ್ಯಾಟರಿ ಹಾಕಿದೆ. ಉಸಿರಿಲ್ಲ. ರೇಷ್ಮೆ ತಿಕ್ಕಿ ಹುಟ್ಟಿದ ಚಾರ್ಜು ಕಿಡಿಯಾಗಿ ಹಾರಿ, ಚಿಪ್ಪಿನೊಳಗೆ ದನಿಯನ್ನು ಓದುವ ದಾರಿಯನ್ನೇ ಸುಟ್ಟಿತ್ತು. ಅಪ್ಪನ ಮಾತು ಬಹುಶಃ ಅಳಿದಿಲ್ಲ. ಆ ಕೋಣೆಗಳಲ್ಲಿ ಈಗಲೂ ಕೂತಿರಬೇಕು, ನಾವಿಬ್ಬರೂ ಹೋದ ಮೇಲೂ ಕೂತಿರುತ್ತದೆ. ಅದನ್ನು ಹೊರಗೆ ತರುವ ಉಪಾಯ ನನಗೆ ಗೊತ್ತಿಲ್ಲ. ನಾನು ಕೇಳಿದವರಿಗೂ ಗೊತ್ತಿರಲಿಲ್ಲ.

"ಒಳಗ ಅದಾರೋ ಇಲ್ಲೋ, ಅದನ್ನರ ಹೇಳು," ಎಂದಳು ಅವ್ವ.

"ಅದಾನಬೇ," ಎಂದೆ.

ಅವಳು ಚಹಾ ಬಿಸಿ ಮಾಡಲು ಎದ್ದಳು.