ಬೆಂಚಿನ ಮೇಲಿನ ಹಸಿರು ಬಳೆಗಳು

ಎಂಬತ್ತರ ದಶಕದಲ್ಲಿ ನಿಂಬರ್ಗಾದ ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿಸುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಒಂಬತ್ತನೆಯ ತರಗತಿಯವರು ಸುಲ್ತಾನರ ಹೆಸರುಗಳನ್ನು ಗಿಳಿಪಾಠ ಒಪ್ಪಿಸುವುದನ್ನು ಕೇಳಿ ಕೇಳಿ ತಲೆಕೆಟ್ಟು, ಒಂದು ದಿನ ಪುಸ್ತಕ ಮುಚ್ಚಿಸಿಬಿಟ್ಟೆ.

“ನಿಮಗ ಬೇಕಾದ ಇತಿಹಾಸ ನೀವೇ ಹುಡುಕಿ ತರ್ರಿ. ನಾ ಕೈ ಹಾಕಂಗಿಲ್ಲ. ತಂದದ್ದು ಸಾಲ್ಯಾಗ ಪ್ರದರ್ಶನಕ್ಕ ಇಡ್ರಿ, ಆ ದಿನ ಊರ ಮಂದಿ ಜೋಡಿನೇ ನೋಡ್ತೇನಿ.”

“ಹುಡುಗರ ಕೈಯಾಗ ಇತಿಹಾಸ ಕೊಟ್ರ ಮುಗೀತು ಬಿಡ್ರಿ, ಟೀಚರ್,” ಎಂದು ಹೆಡ್‌ಮಾಸ್ತರರು ನಕ್ಕರು.

ಅದೇ ವಾರ ಮುಂದಿನ ಬೆಂಚಿನ ಹುಡುಗಿ ಕೈತುಂಬ ಹಸಿರು ಬಳೆ ತೊಟ್ಟು ಬಂದಳು. ನಮ್ಮ ಕಡೆ ಅದು ಮದುವೆ ನಿಶ್ಚಯವಾದ ಗುರುತು. ವರ ಕರಜಗಿ ಊರಿನವನಂತೆ, ಪರೀಕ್ಷೆಗೆ ಮೊದಲೇ ಮದುವೆಯಂತೆ. ಓದುವ ಹುಚ್ಚಿನ ಹುಡುಗಿ ಅದು! ತಡೆಯದೆ ಅವಳ ಮನೆಗೇ ಹೋದೆ. ಊರಲ್ಲಿ ಮಾತು ನಡೆಯುವ ಮನುಷ್ಯ ಅವಳಪ್ಪ. ಚಹಾ ಕೊಟ್ಟು, “ಇದು ನಮ್ಮ ಮನಿ ವಿಷಯ ಐತ್ರಿ, ಟೀಚರ್. ನೀವು ಬಿಟ್ಟುಬಿಡ್ರಿ,” ಎಂದು ನಯವಾಗಿ ಕಳಿಸಿದರು.

ಪ್ರದರ್ಶನದ ದಿನ ಮಂದಿಯೋ ಮಂದಿ. ಒಬ್ಬ ಊರಿಗೆ ಮೊದಲ ಬಸ್ಸು ಬಂದ ಕಥೆ ಬರೆದಿದ್ದ, ಇನ್ನೊಬ್ಬ ಊರಿನ ಪೈಲ್ವಾನರ ಚಿತ್ರ ಬಿಡಿಸಿದ್ದ. ಈ ಹುಡುಗಿಯ ಬೆಂಚಿನ ಮೇಲೆ ಹಸಿರು ಬಳೆಗಳ ಸಾಲು, ಅಷ್ಟೇ.

“ನೋಡ್ರಿ, ನನ್ನ ಮಗಳು ಹಳೀ ಕಾಲದ ಬಳಿ ಕೂಡಿಸ್ಯಾಳ!” ಅಪ್ಪ ಉಬ್ಬಿ ಹೇಳಿದರು.

“ಹಳೀವಲ್ಲಪ್ಪಾ. ಇದು ನಮ್ಮ ವರ್ಗದ ಇತಿಹಾಸ. ಈ ಬಳಿಯಾಕಿ ಐದ್ನೇ ಕ್ಲಾಸಿಗೆ ಸಾಲಿ ಬಿಟ್ಲು. ಈಕಿ ಏಳಕ್ಕ. ಈಕಿ ಲೆಕ್ಕದಾಗ ಎಲ್ಲಾರಿಗಿಂತ ಮುಂದಿದ್ಲು. ಅವರವರ ಮನಿಗೆ ಹೋಗಿ, ಮದುವ್ಯಾಗ ಇಟ್ಟ ಬಳಿ ಒಂದೊಂದು ಕೇಳಿ ತಂದೇನಿ.”

ಆ ಹುಡುಗಿಯರ ತಾಯಂದಿರು ಅಲ್ಲೇ ನಿಂತಿದ್ದರು. ಆಗ ಅವಳು ತನ್ನ ಅಂಗೈ ಹಿಂಡಿ, ಒಂದು ಬಳೆ ಕಳಚಿ, ಸಾಲಿನ ಕೊನೆಗಿಟ್ಟಳು.

“ಇದು ನಂದು.”

ಅಯ್ಯೋ ಶಿವನೇ! ನಮ್ಮ ಕಡೆ ಬಳೆ ಒಡೆದರೂ, ಅಪಶಕುನವೆಂದು ‘ಒಡೆಯಿತು’ ಎನ್ನುವುದಿಲ್ಲ, ‘ಹೆಚ್ಚಾತು’ ಎನ್ನುತ್ತೇವೆ. ಅಂಥದ್ದರಲ್ಲಿ ನಿಶ್ಚಯವಾದ ಹುಡುಗಿ ತಾನಾಗಿ, ಊರ ಮುಂದೆ, ಹಸಿರು ಬಳೆ ಕಳಚುವುದೇ! ಅಪ್ಪನ ಕೈ ಮೇಲೆದ್ದದ್ದು ಕಂಡಿತು. ಯಾವಾಗ ಅಡ್ಡ ನುಗ್ಗಿದೆನೋ ನನಗೇ ತಿಳಿಯದು, ಏಟು ಚಟಾರನೆ ನನ್ನ ಕಪಾಳಕ್ಕೆ ಬಿತ್ತು.

“ಅಯ್ಯಯ್ಯ ಟೀಚರ್, ನಿಮಗ ಬಿತ್ತೇನ್ರಿ!” ಅಪ್ಪ ಚೀರಿದರು.

ಪರಹೆಣ್ಣಿನ ಮೇಲೆ ಕೈ ಮಾಡಿದ ಅವರು ತಮ್ಮ ಕೈಯನ್ನೇ ನೋಡುತ್ತ ನಿಂತುಬಿಟ್ಟರು. ಸಿಟ್ಟಿನವಳಾದ ನಾನು ಆಗ ಸಿಟ್ಟಾಗಲಿಲ್ಲ. ಇಷ್ಟೇ ಅಂದೆ, “ಪರೀಕ್ಷಾ ಮುಗಿಯೂತನಾ ಆಕಿನ್ನ ಸಾಲಿಗೆ ಕಳಸ್ರಿ.”

“ಪರೀಕ್ಷಾ ಆಗ್ಲಿ ತಗೋರಿ,” ಎಂದು ತಲೆ ತಗ್ಗಿಸಿ ಹೋದರು.

ಅಷ್ಟೇ ಸಿಕ್ಕಿತು, ಬೇಸಿಗೆಯಲ್ಲಿ ಮದುವೆ ಆಗಿಯೇ ಆಗುತ್ತದೆ ಎಂದುಕೊಂಡಿದ್ದೆ. ಫಲಿತಾಂಶದ ದಿನ ಅಪ್ಪ ಒಬ್ಬರೇ ಶಾಲೆಗೆ ಬಂದರು. ಲಗ್ನಪತ್ರಿಕೆ ಕೊಡಲು ಬಂದರೆಂದುಕೊಂಡೆ.

“ಪಾಸಾಗ್ಯಾಳೇನ್ರಿ?”

“ಕ್ಲಾಸಿಗೇ ಫಸ್ಟ್ ಬಂದಾಳ್ರಿ.”

“ಹಂಗಾರ ಹತ್ತನೇ ಕ್ಲಾಸಿಗೆ ಹೆಸರ ಹಚ್ರಿ,” ಎಂದರು.

“ಮತ್ತ ಕರಜಗಿಯವರು?”

“ಅವರಿಗೆ ಬ್ಯಾರೆ ಹುಡುಗಿ ನೋಡ್ಕೋರಿ ಅಂತ ಹೇಳಿ ಬಂದೇನಿ.”

ಕಪಾಳಕ್ಕೆ ಬಿದ್ದಾಗ ಬಾರದ ಕಣ್ಣೀರು ಆಗ ಬಂತು.